ಔಷಧದ ವಾರ

ಕಲಘಟಗಿಯಿಂದ ಪಡುವಣಕ್ಕೆ ಹೊರಟರೆ, ಕರಿ ಎರೆ ಮುಗಿದು ಕೆಂಪು ನೆಲ ಶುರುವಾಗುವ ಕಡೆ, ಕಾಡಿನ ಸೆರಗಿಗೆ ಹತ್ತಿ ಒಂದು ದಿನ್ನೆ ಇದೆ. ಚಳಿಗಾಲದ ಬೆಳಗಿನಲ್ಲಿ ಅಲ್ಲಿ ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಆ ಹೊಗೆಯನ್ನೇ ಬಂಡವಾಳ ಮಾಡಿಕೊಂಡು ಒಂದು ಮನೆತನ ಅಲ್ಲಿ ದ್ರಾಕ್ಷಿ ತೋಟ ಹಾಕಿತು. ತಂಪು ಹವೆಯ ದ್ರಾಕ್ಷಿ, ಅದರಿಂದ ಕೆಂಪು ವೈನು. ದ್ರಾಕ್ಷಿ ಎಂದ ಕೂಡಲೇ ಬಾಯಲ್ಲಿ ನೀರು ತಂದುಕೊಳ್ಳುವ ಕಾರಣವಿಲ್ಲ. ಬಟಾಣಿಯಷ್ಟು ಗಾತ್ರ, ಚರ್ಮದಂಥ ಸಿಪ್ಪೆ, ಒಳಗೆಲ್ಲ ಬೀಜ. ಹುಬ್ಬಳ್ಳಿಯ ಹಣ್ಣಿನ ಪೇಟೆಗೆ ಪುಕ್ಕಟೆ ಒಯ್ದು ಕೊಟ್ಟರೂ ಇಳಿಸಿಕೊಂಡ ಹಮಾಲಿ ನೀವೇ ಕೊಡಿ ಎಂದಾರು. ಅದೇ ಹಣ್ಣು ಹುಳಿ ಬಂದು, ಸೋಸಿ, ಬಾಟಲಿಗೆ ಇಳಿದು, ಕೊರಳಿಗೆ ಬಂಗಾರದ ಬಣ್ಣದ ಕಾಗದ ಸುತ್ತಿಕೊಂಡಿತೆಂದರೆ ದೊಡ್ಡ ಹೋಟೆಲಿನವರು ಎರಡೂ ಕೈಯಿಂದ ಹಿಡಿಯುತ್ತಾರೆ. ತಿನ್ನಲಾರದ್ದನ್ನು ಕುಡಿಸಿ ಬದುಕುವುದೂ ಒಂದು ವ್ಯಾಪಾರ.

ಈ ತೋಟದ ಮೇಸ್ತ್ರಿ ಕಾಸೀಮಸಾಬ. ಇಡೀ ದಿನ್ನೆಯಲ್ಲಿ ವೈನಿನ ಹನಿಯನ್ನು ನಾಲಗೆಗೆ ತಾಗಿಸದ ಗಂಡಸು ಅವನೊಬ್ಬನೇ.

ಅವನದು ಮೂಲದಲ್ಲಿ ನವಲಗುಂದ. ಮನೆಯ ಹೆಣ್ಣುಮಕ್ಕಳು ಜಮಖಾನ ನೇಯುವವರು. ಮಗ್ಗ ಹೆಂಗಸರದು, ಗಂಡಸರ ಪಾಲಿಗೆ ಉಳಿದದ್ದು ನೂಲು ತರುವುದು, ನೇಯ್ದದ್ದನ್ನು ಮಾರುವುದು. ಕಾಸೀಮಸಾಬನಿಗೆ ಮಾರಲಿಕ್ಕೆ ಬರಲಿಲ್ಲ. ಗಿರಾಕಿ ಎದುರಿಗೆ ಬಂದು ಕೂತರೆ, ಜಮಖಾನದ ಯಾವ ಮೂಲೆಯಲ್ಲಿ ಎಳೆ ತಪ್ಪಿದೆ ಎಂದು ತಾನೇ ತೋರಿಸಿಬಿಡುತ್ತಿದ್ದ. ಇಂಥವನನ್ನು ಅಂಗಡಿಯಲ್ಲಿ ಕೂರಿಸುವುದಕ್ಕಿಂತ ಅಂಗಡಿ ಮುಚ್ಚುವುದೇ ಅಗ್ಗ ಎಂದು ಅವನಪ್ಪ ಲೆಕ್ಕ ಹಾಕಿ, ವಿಜಯಪುರದ ಕಡೆ ದ್ರಾಕ್ಷಿ ತೋಟದ ಕೆಲಸಕ್ಕೆ ಕಳಿಸಿದ. ಅಲ್ಲಿ ಬಳ್ಳಿ ಕತ್ತರಿಸುವ ಕೆಲಸ, ಅಂದರೆ ಚಾಟನಿ, ಕಲಿತ. ಮುಂದೆ ಕಲಘಟಗಿಯ ಜುಲೇಖಾಬಿಯನ್ನು ಮದುವೆಯಾಗಿ, ಹೆಂಡತಿಯ ಊರಿಗೇ ಬಂದು ಬಿದ್ದ. ಆಗ ತೋಟಕ್ಕೆ ಕಂಬ ನಿಲ್ಲಿಸುತ್ತಿದ್ದ ದೊಡ್ಡ ಸಾವಕಾರರು ಅವನ ಕೈಯ ಕತ್ತರಿ ನೋಡಿ ಅಂದೇ ಮೇಸ್ತ್ರಿ ಮಾಡಿಕೊಂಡರು.

ಹೆಂಡ ಮಾಡುವ ಹಣ್ಣು ಬೆಳೆಸುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಅವನ ಬೆನ್ನು ಬಿಡಲಿಲ್ಲ. ಶುಕ್ರವಾರ ಮಸೀದಿಯ ಕಟ್ಟೆಯ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. "ಏನ್ರಿ ಮೇಸ್ತ್ರಿ, ಈ ವರ್ಷ ಫಸಲು ಎಷ್ಟ ಬಾಟ್ಲಿ?"

"ನಾ ಹಣ್ಣ ಬೆಳಸಾವ್ರಿ. ಹಣ್ಣ ತಿನ್ನಾಕ ಅಡ್ಡಿ ಇಲ್ಲ. ಕಾಟಾದ ಮ್ಯಾಲಿಂದ ಇಳೀತಂದ್ರ ಮುಗೀತು, ಅದು ನಂದಲ್ಲ."

ಈ ಮಾತಿಗೆ ತಕ್ಕಂತೆ ಅವನು ತೂಕದ ಕಾಟಾದ ಹತ್ತಿರ ಒಂದು ಗೆರೆ ಎಳೆದುಕೊಂಡಿದ್ದ. ಅದರಾಚೆಗಿನ ಟ್ಯಾಂಕಿನ ಖೋಲಿಗೆ ಒಂದು ದಿನವೂ ಕಾಲಿಡಲಿಲ್ಲ. ತೋಟಕ್ಕೆ ಬಂದವರು ಬಾಟಲಿ ತೆಗೆದರೆ ಎದ್ದು ಪಂಪಿನ ಮನೆಯ ಕಡೆ ನಡೆದುಬಿಡುತ್ತಿದ್ದ. ಇಷ್ಟಕ್ಕೂ ಮನಸ್ಸು ಸಮಾಧಾನವಾಗದೆ, ಉಳಿದ ಪಾಪ ತೀರಿಸುವವನಂತೆ, ಆಳುಗಳಿಗೆ ಕುಡಿತದ ವಿರುದ್ಧ ಬುದ್ಧಿ ಹೇಳುವ ಚಟ ಹಚ್ಚಿಕೊಂಡ. ಬೆಳಗಿನ ಚಹಾ ಕುಡಿಯುವಾಗ, ಬುತ್ತಿ ಬಿಚ್ಚುವಾಗ, ಸಂಜೆ ಕೈ ತೊಳೆಯುವಾಗ, ಅದೇ ನರಕ, ಅದೇ ಬೆಂಕಿ, ಕುಡುಕನ ಹೆಂಡರು ಮಕ್ಕಳ ಅದೇ ಗೋಳು. ಆಳುಗಳು ಅದಕ್ಕೆ 'ಬಯಾನು' ಎಂದು ಹೆಸರಿಟ್ಟಿದ್ದರು. ಪಂಪಿನ ಸದ್ದಿನಂತೆ ಅದೂ ತೋಟದ ಒಂದು ಸದ್ದು. ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಎಲ್ಲರಿಗಿಂತ ಕಡಿಮೆ ಕೇಳಿದವನು ಲಕ್ಕಪ್ಪ, ಎಲ್ಲರಿಗಿಂತ ಹೆಚ್ಚು ಕೇಳಬೇಕಾದವನೂ ಅವನೇ. ಕತ್ತರಿ ಹಿಡಿದು ಕಾಸೀಮಸಾಬ ಮುಂದೆ ಹೋದರೆ, ಕತ್ತರಿಸಿದ ಕಡ್ಡಿಗೆ ಆರೈಕೆ ಮಾಡುತ್ತ ಹಿಂದೆ ಬರುವವನು ಲಕ್ಕಪ್ಪ. ತೋಟ ಹುಟ್ಟಿದಾಗಿನಿಂದ ಅವರಿಬ್ಬರೂ ಜೋಡಿ. ಲಕ್ಕಪ್ಪ ದಿನಾ ಸಂಜೆ ಕುಡಿಯುತ್ತಿದ್ದ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಬರುತ್ತಿದ್ದ. ಬೈಯಲು ಸರಿಯಾದ ಕಾರಣವನ್ನೂ ಕೊಡದ ಕುಡುಕ.

"ಕಾಸೀಮಣ್ಣಾ, ನೀ ಬೆಳಸ್ತಿ, ನಾ ಕುಡೀತೀನಿ. ಪಾಪ ಇಬ್ಬರಿಗೂ ಅರ್ಧಾ ಅರ್ಧಾ," ಎನ್ನುತ್ತಿದ್ದ. "ಮ್ಯಾಲ ಹೋದಾಗ ನಿನ್ನ ಬಾಜೂಕನ ನನಗೂ ಜಾಗಾ ಹಿಡದಿರ್ತಾರ, ನೋಡಾಕತ್ತಿರು."

"ನಿನ್ನ ಬಾಯಾಗ ಹುಳಾ ಬೀಳಲಿ. ನಾ ಯಾಕ ಬರಲಿ ಅಲ್ಲಿಗೆ?"

"ಮತ್ತ ನನಗ ಬಯಾನು ಹೇಳಾವ್ರು ಯಾರು ಅಲ್ಲೆ?"

ಇಂಥ ಮಾತಿನಲ್ಲಿ ವರ್ಷಗಳು ಕಳೆದುಹೋಗುತ್ತಿದ್ದವು, ಔಷಧದ ವಾರ ಎಂಬುದೊಂದು ಇಲ್ಲದಿದ್ದರೆ.

ದ್ರಾಕ್ಷಿ ಬಳ್ಳಿ ತನ್ನ ಸೀಮೆಯಲ್ಲಿ ಹಿಮದಡಿ ಮಲಗಿ ಎದ್ದು ಚಿಗುರುವಂಥದ್ದು. ನಮ್ಮ ದಿನ್ನೆಯ ಚಳಿ, ಬಾಟಲಿಯ ಮೇಲೆ ಎಷ್ಟೇ ಹೊಗಳಿ ಬರೆದುಕೊಂಡರೂ, ಅದಕ್ಕೆ ಸಾಲುವುದಿಲ್ಲ. ಹಾಗಾಗಿ ಮಳೆ ಹಿಂದೆ ಸರಿದ ಮೇಲೆ ಚಾಟನಿ ಮಾಡಿ, ಕಡ್ಡಿಯ ಒಂದೊಂದು ಗಿಣ್ಣಿನ ಮೇಲಿರುವ ಮೊಗ್ಗಿಗೂ ಅರಿವೆಯ ಉಂಡೆಯಿಂದ ಒಂದು ಔಷಧ ಹಚ್ಚಬೇಕು. ಆಗ ತೋಟವೆಲ್ಲ ಒಂದೇ ಸಲಕ್ಕೆ ಚಿಗುರುತ್ತದೆ. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಗುರುತು ಸಿಗಲಿ ಅಂತ ಅದಕ್ಕೆ ಗುಲಾಬಿ ಬಣ್ಣ ಕಲಸುತ್ತಾರೆ. ಆ ವಾರ ತೋಟದ ಆಳುಗಳ ಕೈ ನೋಡಿದರೆ ಯಾವುದೋ ಮದುವೆ ಮುಗಿಸಿ ಬಂದವರಂತೆ ಕಾಣುತ್ತಿತ್ತು. ರಬ್ಬರಿನ ಕೈಗವಸು ಕೊಡುತ್ತಿದ್ದರು, ನಿಜ. ಅದನ್ನು ತೊಟ್ಟರೆ ಬೆವರು, ಮೊಗ್ಗು ಬೆರಳಿಗೆ ತಿಳಿಯುವುದಿಲ್ಲ, ಉದುರುತ್ತದೆ. ಹತ್ತು ಗಿಡ ದಾಟುವುದರೊಳಗೆ ಎಲ್ಲರ ಕೈಗವಸುಗಳೂ ತಂತಿಯ ಮೇಲೆ ಜೋತಾಡುತ್ತಿದ್ದವು.

ಆ ಔಷಧಕ್ಕೂ ಕುಡಿತಕ್ಕೂ ಹಗೆ. ಚರ್ಮದಿಂದ ಅದು ಮೈಯೊಳಗೆ ಇಳಿದಿರುತ್ತದೆ. ಆಮೇಲೆ ಸಾರಾಯಿ, ಬಿಯರು, ವೈನು, ಯಾವುದು ಹೊಟ್ಟೆಗೆ ಬಿದ್ದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಉಸಿರು ಕಟ್ಟಿ ಮನುಷ್ಯ ಬೀಳುತ್ತಾನೆ. ಹಚ್ಚಿದ ದಿನ ಮಾತ್ರವಲ್ಲ, ಮುಂದೆಯೂ ಕೆಲವು ದಿನ. ಮೊದಲ ಸಲ ಔಷಧ ಮಾರಲು ಬಂದವನು ಇದನ್ನು ದೊಡ್ಡ ಸಾವಕಾರರಿಗೂ ಕಾಸೀಮಸಾಬನಿಗೂ ಬಿಡಿಸಿ ಹೇಳಿದ್ದ. ಅವನು ಹೋದ ಮೇಲೆ ಸಾವಕಾರರು ಸುತ್ತ ನೋಡಿ ದನಿ ಇಳಿಸಿದರು.

"ಕಾಸೀಮ, ಇದು ನಿನ್ನ ಹೊಟ್ಟ್ಯಾಗ ಇರಲಿ. ವಿಷಾ ಅಂತ ಸುದ್ದಿ ಆದ್ರ ಒಬ್ಬ ಹೆಣ್ಮಗಳೂ ಕೈ ಹಚ್ಚಂಗಿಲ್ಲ. ಹೆಣ್ಮಕ್ಕಳೇನ ಕುಡಿಯಾವ್ರಲ್ಲ. ಗಂಡಸರನ್ನ ನೀ ನೋಡ್ಕೋ. ಹೆಂಗೂ ಬ್ಯಾಡ ಬ್ಯಾಡ ಅಂತ ಹೇಳಾವನ ಅದಿ."

ಜಮಖಾನದ ತಪ್ಪು ಎಳೆಯನ್ನು ಬಾಯಿಬಿಟ್ಟು ಹೇಳುತ್ತಿದ್ದವನು ಇದನ್ನು ಮಾತ್ರ ಹೇಳಲಿಲ್ಲ. ಆಳು ಸಿಗದೆ ತೋಟ ಹಾಳಾದರೆ ಮೇಸ್ತ್ರಿಯ ಅನ್ನವೂ ಹೋಗುತ್ತದೆ. ಅವನ ಹೆಣ್ಣುಮಕ್ಕಳು ಆಗಿನ್ನೂ ಕೈಗೂಸುಗಳು. ಕಾರಣ ಹೇಳದೆ ಕೆಲಸ ಸಾಧಿಸುವ ಹಾದಿ ಹಿಡಿದ. ಔಷಧದ ವಾರ ಬಂದರೆ ಬಯಾನನ್ನು ಎರಡು ಪಟ್ಟು ಮಾಡುತ್ತಿದ್ದ. ಉಳಿದ ಗಂಡಸರು ಅಪರೂಪಕ್ಕೆ ಕುಡಿಯುವವರು, ಅವನ ಕಣ್ಣು ತಪ್ಪಿಸುವಷ್ಟು ಆಸೆಯೂ ಅವರಿಗಿರಲಿಲ್ಲ. ಉಳಿಯುವವನು ಲಕ್ಕಪ್ಪ. ಆ ಒಂದು ವಾರ, ಅದರ ಮುಂದಿನದೊಂದು ವಾರ ಲಕ್ಕಪ್ಪನನ್ನು ಒಣಗಿಸಿ ಇಡಬೇಕು. ಇದೇ ಕಾಸೀಮಸಾಬನ ವರ್ಷದ ದೊಡ್ಡ ಕೆಲಸ.

ಬಯಾನಿನಿಂದ ಅದು ಆಗುವಂತಿರಲಿಲ್ಲ. ಅದಕ್ಕೆ ಊಟ ಇತ್ತು. ತೋಟದಿಂದ ನೆಟ್ಟಗೆ ತನ್ನ ಮನೆಗೆ ಕರೆದೊಯ್ದು, ತತ್ತಿಯೋ ಖೀಮಾವೋ ಮಾಡಿಸಿ, ಊಟವಾದ ಮೇಲೆ ಚಕ್ಕಾದ ಹಾಸು ಹಾಸಿ ಕವಡೆ ಕೊಡುತ್ತಿದ್ದ. ಆಟದಲ್ಲಿ ಲಕ್ಕಪ್ಪನಿಗೆ ಸೋಲು ತಡೆಯುವುದಿಲ್ಲ. ಗೆಲ್ಲುವವರೆಗೆ ಏಳುವುದಿಲ್ಲ. ಅಷ್ಟರಲ್ಲಿ ಕಲಘಟಗಿಯ ಸಾರಾಯಿ ಅಂಗಡಿಯ ಬಾಗಿಲು ಇಳಿದಿರುತ್ತಿತ್ತು.

"ಬಂದ್ರೇನು ನಿಮ್ಮ ಅಳಿಯಾ ದೇವ್ರು?" ಎಂದು ಜುಲೇಖಾಬಿ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು. "ಖರೆ ಅಳಿಯಾ ಬಂದ್ರೂ ಇಷ್ಟ ಖೀಮಾ ಹಾಕಸಂಗಿಲ್ಲ ನೀವು."

"ನಮ್ಮ ಕಾಸೀಮಣ್ಣಗ ವರ್ಷಕ್ಕ ಒಮ್ಮೆ ನನ್ನ ಮ್ಯಾಲ ಪ್ರೀತಿ ಬರ್ತೈತ್ರಿ ವೈನೀ," ಎಂದು ಲಕ್ಕಪ್ಪ ಅತ್ತಿಗೆಗೆ ಹೇಳಿ ನಗುತ್ತಿದ್ದ. "ಆಷಾಢದಾಗ ಯಾಕ ಬರಂಗಿಲ್ಲೋ, ತಿಳೀದು."

ಯಾಕೆ ಎಂದು ಅವನು ಗಟ್ಟಿಯಾಗಿ ಕೇಳಲಿಲ್ಲ, ಕಾಸೀಮಸಾಬ ಹೇಳಲೂ ಇಲ್ಲ. ಖೀಮಾದ ಖರ್ಚಿನಲ್ಲಿ ಒಂದು ಜೀವ ವರ್ಷ ವರ್ಷ ದಡ ಸೇರುತ್ತಿತ್ತು. ಸಾಗಿದಷ್ಟು ಸಾಗಿತು.

ದೊಡ್ಡ ಸಾವಕಾರರು ತೀರಿಕೊಂಡರು. ತೋಟ ಮಗ ಕಿರಣಕುಮಾರನ ಕೈಗೆ ಬಂತು. ಅಪ್ಪ ವೈನನ್ನು ದೊಡ್ಡ ಕಂಪನಿಗೆ ಟ್ಯಾಂಕಿನಲ್ಲೇ ಮಾರಿ ಕೈ ತೊಳೆದುಕೊಳ್ಳುತ್ತಿದ್ದವರು. ಮಗ, ಅವನ ಹೆಂಡತಿ ಸುಮಂಗಲಾ, ಇಬ್ಬರೂ ತಮ್ಮದೇ ಹೆಸರಿನ ಬಾಟಲಿ ಮಾಡಬೇಕೆಂದು ಹೊರಟರು. ಕೆಟ್ಟ ಜನ ಅಲ್ಲ. ಆಳುಗಳಿಗೆ ಕೂರಲು ನೆರಳು ಮಾಡಿಸಿದರು, ಹೆಂಗಸರಿಗೆ ಪಾಯಿಖಾನೆ ಕಟ್ಟಿಸಿದರು, ಎಲ್ಲರನ್ನೂ ಹೆಸರು ಹಿಡಿದು 'ರಿ' ಹಚ್ಚಿ ಕರೆದರು. ಔಷಧ ಮಾರುವವನು ಕಿರಣಕುಮಾರನಿಗೂ ಆ ಮಾತು ಹೇಳಿದ್ದ. ಬಸ್ಸಿನೊಳಗೆ ಬರೆದ ಸೂಚನೆಗಳನ್ನು ನಾವು ಓದುವ ಹಾಗೆ ಅವನೂ ಕೇಳಿ ಬಿಟ್ಟಿದ್ದ. ಅಪ್ಪನ ಕಾಲದಿಂದ ನಡೆದುಬಂದ ಕೆಲಸ, ಮೇಸ್ತ್ರಿ ಇದ್ದಾನೆ.

ಹೋದ ವರ್ಷ ಔಷಧದ ವಾರದ ಕೊನೆಯ ದಿನ. ಆ ದಿನ ತೋಟದಲ್ಲೇ ಎಲ್ಲರಿಗೂ ಊಟ ಹಾಕುವುದು ಅಪ್ಪನ ಕಾಲದ ಪದ್ಧತಿ. ಸಾಲು ಮುಗಿಸಿ, ಕೈಕಾಲು ತೊಳೆದು, ಗುಲಾಬಿ ಬಣ್ಣ ಹೋಗದ ಕೈಗಳಿಂದಲೇ ಮಂದಿ ಬೇವಿನ ಗಿಡದ ಕೆಳಗೆ ಊಟ ಮಾಡಿದರು. ಊಟ ಮುಗಿಯುವ ಹೊತ್ತಿಗೆ ಸುಮಂಗಲಾ ಟ್ಯಾಂಕಿನ ಖೋಲಿಯಿಂದ ಬಾಟಲಿಯ ಡಬ್ಬಿಗಳನ್ನು ಹೊರಿಸಿಕೊಂಡು ಬಂದಳು. ಮುಂಜಾನೆಯಿಂದ ಹುಬ್ಬಳ್ಳಿಯ ಇಬ್ಬರು ಅತಿಥಿಗಳು ಕ್ಯಾಮೆರಾ ಹಿಡಿದು ತಿರುಗುತ್ತಿದ್ದರು. ಬಾಟಲಿ ಅವರಿಗೆ ಇರಬೇಕು ಎಂದುಕೊಂಡ ಕಾಸೀಮಸಾಬ, ಎಂದಿನಂತೆ ಎದ್ದ. ಇಳಿಹೊತ್ತಿನ ಅಸರ್ ನಮಾಜಿನ ಸಮಯವೂ ಆಗಿತ್ತು. ಹೋಗುವಾಗ ಲಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟ.

"ಕುಡೀಬ್ಯಾಡ ಲೇ. ಸಂಜೀಕ ಮನೀಗೆ ಬಾ, ನಿಮ್ಮ ವೈನಿ ತತ್ತಿ ಮಾಡ್ಯಾಳ."

"ಚಾಲೂ ಆತು ನೋಡ್ರಪಾ ಬಯಾನು," ಎಂದು ಲಕ್ಕಪ್ಪ ಎಲೆ ಮಡಚಿದ. "ನೀ ಹೋಗಿ ನಿನ್ನ ದೇವರನ್ನ ನೋಡ್ಕೊಂಡ ಬಾ. ನಾ ನನ್ನ ದೇವರನ್ನ ನೋಡ್ಕೋತೀನಿ."

ಮಂದಿ ನಕ್ಕರು. ಕಾಸೀಮಸಾಬನೂ ನಗುತ್ತ ಪಂಪಿನ ಮನೆಯ ಕಡೆ ಹೋದ.

ಆ ಮೇಲೆ ನಡೆದದ್ದನ್ನು ಅವನು ಬೇರೆಯವರ ಬಾಯಿಂದ ಕೇಳಿದ. ಸುಮಂಗಲಾ ಎಲ್ಲರೆದುರು ನಿಂತು, "ನೀವು ಬೆಳಸಿದ್ದನ್ನ ಇಷ್ಟ ವರ್ಷ ಬ್ಯಾರೆ ಮಂದಿ ಕುಡದ್ರು. ಈ ಸಲ ಮೊದಲ ಬಾಟ್ಲಿ ನಿಮ್ಮದು," ಎಂದಳು. ಗಾಜಿನ ಲೋಟಗಳಲ್ಲಿ ಎರಡೆರಡು ಬೆರಳು ಸುರಿದು, ತಾನೇ ಒಬ್ಬೊಬ್ಬರ ಕೈಗೆ ಕೊಟ್ಟಳು. ಅತಿಥಿಗಳು ಫೋಟೋ ತೆಗೆದರು. ಹೆಂಗಸರು ಮೂಗಿನ ಹತ್ತಿರ ಹಿಡಿದು, "ಅಯ್ಯ ನಮ್ಮವ್ವ, ಹುಣಸಿ ನೀರ ಆಗೇತಿದು," ಎಂದು ಮುಖ ಕಿವಿಚಿದರು. ಮಾಲಕಿ ಕೈಯಾರೆ ಕೊಟ್ಟದ್ದನ್ನು ಚೆಲ್ಲುವುದು ಹೇಗೆ? ಒಬ್ಬೊಬ್ಬರೇ ಲೋಟವನ್ನು ಲಕ್ಕಪ್ಪನ ಕಡೆ ದಾಟಿಸಿದರು. "ತಗೋ ಮಾವಾ, ನಮ್ಮ ಪಾಲಿಂದೂ ನೀನ ಕುಡಿ." ಲಕ್ಕಪ್ಪ ಒಂದನ್ನೂ ತಿರುಗಿಸಲಿಲ್ಲ. ಅವನ ಬದುಕಿನಲ್ಲಿ ಕುಡಿತಕ್ಕೆ ಯಾರೂ ಹೀಗೆ ಕರೆದು ಮರ್ಯಾದೆ ಮಾಡಿರಲಿಲ್ಲ. ಉಳಿದ ಇಬ್ಬರು ಗಂಡಸರು ಒಂದೊಂದು ಗುಟುಕು ಕುಡಿದು, ಹುಳಿ ಎಂದು ಕೆಳಗಿಟ್ಟರು. ಅಷ್ಟಕ್ಕೇ ಅವರ ಮುಖ ಸುಟ್ಟಂತಾಗಿ, ಸಾಲಿನ ಸಂದಿಯಲ್ಲಿ ಕೂತು ಕಾರಿಕೊಂಡರು.

ಕಾಸೀಮಸಾಬ ನಮಾಜು ಮುಗಿಸಿ ಚಪ್ಪಲಿ ಮೆಟ್ಟುವಾಗ ಹೆಂಗಸರ ಕೂಗು ಕೇಳಿತು. ಓಡಿ ಬಂದರೆ, ಲಕ್ಕಪ್ಪ ಬೇವಿನ ಬುಡಕ್ಕೆ ಒರಗಿ ಕೂತಿದ್ದಾನೆ. ಮುಖ, ಕೊರಳು, ಕಿವಿ ಎಲ್ಲ ಕೆಂಪು. ಎದೆ ಅಂಗಿಯ ಮೇಲಿನಿಂದಲೇ ಕುಣಿಯುವುದು ಕಾಣುತ್ತಿದೆ.

"ಯಾರ ಕೊಟ್ರು? ಯಾರ ಕೊಟ್ರು ಇವಗ?" ಎಂದು ಚೀರಿದ.

"ನಾನ," ಎಂದಳು ಸುಮಂಗಲಾ. "ಸ್ವಲ್ಪ ಅಂದ್ರ ಸ್ವಲ್ಪ, ಕಾಸೀಮಣ್ಣ..."

"ಔಷಧಾ ಹಚ್ಯಾನವ್ವಾ! ಕೈಯಾಗ ಔಷಧಾ ಐತಿ!"

ಹೆಂಗಸರ ಗೋಳಾಟದಲ್ಲಿ ಆ ಮಾತು ಮಾಲಕರಿಬ್ಬರನ್ನು ಬಿಟ್ಟು ಬೇರೆ ಯಾರ ಕಿವಿಗೂ ಬೀಳಲಿಲ್ಲ. ಕಿರಣಕುಮಾರನ ಮುಖದ ಬಣ್ಣ ಹೋಯಿತು. ಬಸ್ಸಿನೊಳಗೆ ಬರೆದದ್ದು ಅವನಿಗೆ ಆಗ ಪೂರ್ತಿ ಓದಲು ಬಂತು. ಓಡಿಹೋಗಿ ಗಾಡಿ ತಂದ. ಹಿಂದಿನ ಸೀಟಿನಲ್ಲಿ ಲಕ್ಕಪ್ಪನ ತಲೆ ಕಾಸೀಮಸಾಬನ ತೊಡೆಯ ಮೇಲೆ. ದಾರಿಯುದ್ದಕ್ಕೂ ಲಕ್ಕಪ್ಪ ಉಸಿರನ್ನು ಗುಟುಕು ಗುಟುಕಾಗಿ ಎಳೆದ. ಒಮ್ಮೆ ಕಣ್ಣು ತೆರೆದು, "ಹುಳಿ ಇತ್ತಲೇ ಅಣ್ಣಾ, ನಿನ್ನ ಹಣ್ಣು," ಎಂದ.

ಹುಬ್ಬಳ್ಳಿ ದಾರಿಯಲ್ಲಿ ಸಿಕ್ಕ ಮೊದಲ ದವಾಖಾನೆಗೆ ಒಯ್ದರು. ಡಾಕ್ಟರ್ ಬಾಯಿಯ ವಾಸನೆ ನೋಡಿ, "ಏನ್ ಕುಡದಾನ?" ಎಂದ. ಕಾಸೀಮಸಾಬ ಔಷಧದ ಮಾತು ಹೇಳಿದ. "ಯಾವ ಔಷಧ? ಡಬ್ಬಿ ತಂದೀರೇನು?" ಡಬ್ಬಿ ತೋಟದಲ್ಲಿತ್ತು. ಆಕ್ಸಿಜನ್ ಹಾಕಿದರು, ಸಲೈನ್ ಹಚ್ಚಿದರು, ಎದೆ ಒತ್ತಿದರು. ಸೂರ್ಯ ಇಳಿಯುವುದಕ್ಕೆ ಮೊದಲು ಲಕ್ಕಪ್ಪ ಹೋದ. ದಿನಾ ಕುಡಿಯುವವನ ಹೃದಯ, ನಿಂತಿತು ಎಂದರು.

ಹೊರಗಿನ ಬೆಂಚಿನ ಮೇಲೆ ಕಿರಣಕುಮಾರ ಕೂತಿದ್ದ. ಎದ್ದು ಕಾಸೀಮಸಾಬನ ಹತ್ತಿರ ಬಂದ. "ಕಾಸೀಮಣ್ಣ, ಡಾಕ್ಟರ್ ಹಾರ್ಟ್ ಅಂದಾರ. ಹಾರ್ಟ್ ಅಂತನ ಇರಲಿ. ಅವನ ಹೆಂಡ್ತಿ ಸಾವಕ್ಕನ್ನ ನಾ ಕೈ ಬಿಡಂಗಿಲ್ಲ. ಅದೊಂದ ಮಾತು ಹೊರಗ ಬಂದ್ರ ಈ ವರ್ಷದ ಬಾಟ್ಲಿ ಹಂಗಿರಲಿ, ತ್ವಾಟನ ಮುಚ್ಚಬೇಕಾಕ್ಕೇತಿ. ನಲವತ್ತ ಮನೀ ಒಲಿ ಆರತಾವು."

ತಂದೆಯ ಮಾತೇ, ದನಿ ಮಾತ್ರ ಬೇರೆ. ಕಾಸೀಮಸಾಬ ಆಗಲೂ ಸುಮ್ಮನಿದ್ದ.

ಮಣ್ಣು ಕೊಡುವುದರೊಳಗೆ ಊರು ತೀರ್ಪು ಮುಗಿಸಿತ್ತು. ಲಕ್ಕಪ್ಪ ಕುಡಿದು ಸತ್ತ. ಯಾರಿಗೂ ಆಶ್ಚರ್ಯವಿಲ್ಲ, ಇಷ್ಟು ವರ್ಷ ಹೇಗೆ ಉಳಿದ ಎಂಬುದೇ ಮಂದಿಯ ಆಶ್ಚರ್ಯ. ಆ ತೀರ್ಪಿನ ಜೊತೆಗೆ ಕಾಸೀಮಸಾಬನಿಗೆ ಒಂದು ಇನಾಮೂ ಬಂತು. ಸ್ಮಶಾನದ ದಾರಿಯಲ್ಲಿ ಒಬ್ಬ ಅವನ ತೋಳು ಹಿಡಿದು, "ನೀ ಅಷ್ಟ ಬಡಕೊಂಡಿ. ಕೇಳಿದ್ರ ಬದಕತಿದ್ದ ಮಗಾ," ಎಂದ. ಮಸೀದಿಯ ಕಟ್ಟೆಯ ಮೇಲೆ ಫಸಲಿನ ಬಾಟಲಿ ಎಣಿಸುತ್ತಿದ್ದವರೇ ಎದ್ದು ಜಾಗ ಬಿಟ್ಟರು. "ನಿಮ್ಮ ಮಾತು ಖರೆ ಆತ್ರಿ ಮೇಸ್ತ್ರಿ." ತೋಟದ ಹೆಂಗಸರು ಅವನನ್ನು ಕಂಡರೆ ಸೆರಗು ಬಾಯಿಗೆ ಹಿಡಿದು, "ದೇವರಂಥಾ ಮನಶಾ, ಮುಂಚೇನ ಹೇಳಿದ್ದ," ಎನ್ನತೊಡಗಿದರು. ಅವರಿಗೆ ತಾವು ದಾಟಿಸಿದ ಲೋಟಗಳ ನೆನಪಾಗುತ್ತಿತ್ತೋ ಏನೋ, ಅವನ ಕಣ್ಣು ನೋಡುತ್ತಿರಲಿಲ್ಲ. ಇಡೀ ಬಾಳಿನಲ್ಲಿ ಸಿಗದ ಗೌರವ ಕಾಸೀಮಸಾಬನಿಗೆ ಎರಡು ದಿನದಲ್ಲಿ ಸಿಕ್ಕಿತು. ಮನೆಯಲ್ಲಿ ಜುಲೇಖಾಬಿ ಎರಡು ಹೊತ್ತು ಬಡಿಸಿ, ಎರಡು ಹೊತ್ತೂ ತಾಟು ಹಾಗೆಯೇ ಎತ್ತಿಕೊಂಡು ಹೋದಳು.

"ನನಗರೆ ಹೇಳಬೇಕಿತ್ತಲ್ಲ ನೀವು," ಎಂದಳು, ಎಲ್ಲ ಕೇಳಿದ ಮೇಲೆ. "ಖೀಮಾ ಹಾಕೂದು ಯಾಕ ಅಂತ ನಾನೂ ಎಷ್ಟ ಸಲ ಕೇಳಿದ್ನಿ."

ಮೂರನೆಯ ದಿನ ಮುಂಜಾನೆ ಅವನು ಲಕ್ಕಪ್ಪನ ಮನೆಗೆ ಹೋದ. ಲಕ್ಕಪ್ಪನ ಹೆಂಡತಿ ಸಾವಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಅಳು ಮುಗಿದ ಮುಖ.

"ಬರ್ರಿ ಅಣ್ಣಾರ. ನೀವೊಬ್ಬರ ನೋಡ್ರಿ ಅವಗ ಬುದ್ಧಿ ಹೇಳಿದವರು. ಕುಡೀಲಾರದ ಇದ್ದಿದ್ರ..."

"ಅಂವ ಕುಡದು ಸತ್ತಿಲ್ಲ ತಂಗಿ."

ಅವಳು ತಲೆ ಎತ್ತಿದಳು. ಕಾಸೀಮಸಾಬ ನಿಂತೇ ಹೇಳಿದ. ಔಷಧ ಏನು ಮಾಡುತ್ತದೆ, ತನಗೆ ಎಂದಿನಿಂದ ಗೊತ್ತು, ದೊಡ್ಡ ಸಾವಕಾರರು ಏನು ಅಂದರು, ತಾನು ಯಾಕೆ ಬಾಯಿ ಮುಚ್ಚಿದೆ, ಚಕ್ಕಾ ಆಟ ಯಾಕೆ, ತತ್ತಿ ಯಾಕೆ, ಎಲ್ಲ. ಹೇಳುವಾಗ ಅವಳ ಕೈ ನೋಡಿದ. ಸಾವಕ್ಕಳೂ ಆ ವಾರ ಬೇರೆ ಸಾಲಿನಲ್ಲಿ ಔಷಧ ಹಚ್ಚಿದ್ದಳು, ಗುಲಾಬಿ ಇನ್ನೂ ಉಗುರಿನ ಸಂದಿಯಲ್ಲಿತ್ತು. ಅವಳೂ ಅದನ್ನೇ ನೋಡಿಕೊಂಡಳು.

"ಅಂದ್ರ, ನೀವು ಕುಡೀಬ್ಯಾಡ ಅಂದದ್ದು ಇದಕ್ಕ?"

"ಹೌದವ್ವಾ."

"ಹಂಗಂದ್ರ ಇದನ್ನ ಹೇಳಬೇಕಿತ್ತಲ್ಲರಿ ಅಣ್ಣಾ. ಅಂವಗ ನರಕದ ಸುದ್ದಿ ಯಾಕ ಹೇಳಿದ್ರಿ? ನರಕಕ್ಕ ಅಂವ ಎಂದಾದ್ರೂ ಹೆದರಿದ್ನ? ಸಾವಿಗೆ ಹೆದರತಿದ್ದ. ಹಲ್ಲಿ ಲೊಚಗುಟ್ಟಿದ್ರ ಹೊರಗ ಹೋಗತಿದ್ದಿಲ್ಲ ಅಂವ."

ಕಾಸೀಮಸಾಬ ಹೋಗಲು ತಿರುಗಿದ.

"ಎಲ್ಲಿಗೆ ಹೊಂಟ್ರಿ?" ಎಂದಳು ಸಾವಕ್ಕ. ದನಿ ಏರಿರಲಿಲ್ಲ. "ಇವತ್ತ ಮಂದಿ ಬರ್ತೈತಿ. ಒಬ್ಬೊಬ್ಬರೂ ಕುಡದು ಸತ್ತಾ ಅನಕೋತ ಒಳಗ ಬರ್ತಾರ. ನಾ ಮೂರ ದಿನಾ ಕೇಳೇನಿ, ಇನ್ನ ಕೇಳಂಗಿಲ್ಲ. ಬಾಗಲದಾಗ ನಿಂದರ್ರಿ. ನನಗ ಹೇಳಿದಂಗ ಅವರಿಗೂ ಹೇಳ್ರಿ. ಹೇಳೇ ಒಳಗ ಬಿಡ್ರಿ."

ಅವನು ಬಾಗಿಲಲ್ಲಿ ನಿಂತ. ಮೊದಲು ಬಂದವರು ತೋಟದ ಹೆಂಗಸರು. ಅವರಿಗೆ ಹೇಳಿದ. ಒಬ್ಬಳು ತನ್ನ ಅಂಗೈಯನ್ನು ಸೀರೆಗೆ ಉಜ್ಜತೊಡಗಿದಳು, ಇನ್ನೊಬ್ಬಳು, "ಮೇಸ್ತ್ರಿ, ನನ್ನ ಲೋಟಾನೂ ಅವಗ ಕೊಟ್ನಿ ನಾನು," ಎಂದು ಹೊಸ್ತಿಲಲ್ಲೇ ಕುಸಿದಳು. ಮೂರನೆಯವಳು ಅವನ ಮುಖಕ್ಕೆ ಉಗುಳುವುದೊಂದು ಬಿಟ್ಟು ಎಲ್ಲ ಅಂದಳು. ಆಮೇಲೆ ಓಣಿಯವರು ಬಂದರು, ಮಸೀದಿಯಿಂದ ಇಬ್ಬರು ಬಂದರು, ಸ್ಮಶಾನದ ದಾರಿಯಲ್ಲಿ ತೋಳು ಹಿಡಿದವನೂ ಬಂದ. ಎಲ್ಲರಿಗೂ ಒಂದೇ ಮಾತು ಹೇಳಿದ, ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆಳಿಗ್ಗೆ ಅಣ್ಣಾ, ಮೇಸ್ತ್ರಿ ಎಂದು ಕರೆದವರು ಮಧ್ಯಾಹ್ನದ ಹೊತ್ತಿಗೆ ಹೆಸರೇ ಹಿಡಿಯದೆ ದಾಟಿ ಒಳಗೆ ಹೋಗುತ್ತಿದ್ದರು. ಕೂರು ಎಂದು ಯಾರೂ ಹೇಳಲಿಲ್ಲ, ಅವನು ಕೂರಲೂ ಇಲ್ಲ.

ಇಳಿಹೊತ್ತಿಗೆ ಕಿರಣಕುಮಾರನ ಗಾಡಿ ಓಣಿಯ ತುದಿಗೆ ನಿಂತಿತು. ಹೂವಿನ ಹಾರ ಹಿಡಿದು ಸುಮಂಗಲಾ ಹಿಂದೆ, ಅವನು ಮುಂದೆ. ಸಾವಕ್ಕ ಕಂಬದ ಹತ್ತಿರದಿಂದ ಬಾಗಿಲ ಕಡೆ ನೋಡುತ್ತಿದ್ದಳು. ಕಿರಣಕುಮಾರ ಹೊಸ್ತಿಲ ಮುಂದೆ ಬಾಗಿ ಬೂಟು ಕಳಚಲು ಹೋದ.

"ಸಾವ್ಕಾರ್ರ, ಸ್ವಲ್ಪ ನಿಂದರ್ರಿ," ಎಂದ ಕಾಸೀಮಸಾಬ. "ಅಂವ ಕುಡದು ಸತ್ತಿಲ್ಲ. ನನಗೂ ಗೊತ್ತಿತ್ತು, ನಿಮ್ಮ ತಂದಿಯವರಿಗೂ ಗೊತ್ತಿತ್ತು, ನಿಮಗೂ ಹೇಳಿದ್ರು..."

ಒಂದು ಬೂಟು ಕೈಯಲ್ಲಿ, ಇನ್ನೊಂದು ಕಾಲಲ್ಲಿ ಇಟ್ಟುಕೊಂಡೇ ಕಿರಣಕುಮಾರ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೂ ಒಳಗೆ ಬರಲು ಯಾರೂ ಕರೆಯಲಿಲ್ಲ.